ಸೊಪ್ಪಿನ ಸಿಸ್ಟರ್

ಸೊಪ್ಪಿನ ಸಿಸ್ಟರ್ ಮೊದಲ ಸಲ ಮನೆಗೆ ಬಂದ ದಿನ ಟೇಲರ್ ಅಕ್ಕನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ, ಎರಡು ತಿಂಗಳಿಂದ ತೂಕವೇ ಏರದ ಅಕ್ಕನ ಮಗಳನ್ನು ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಕಿಟಕಿಗೆ ಹೋಗಿದ್ದರು. "ಕೂಸನ್ನ ಆಮೇಲೆ ನೋಡ್ತೀನಿ ತಾಯಿ, ಮೊದಲು ನಿಮ್ಮನೆ ಬಿಸಿಲು ತೋರಿಸು!" ಆರೋಗ್ಯ ಕೇಂದ್ರದ ಈ ದಾದಿಯ ಚೀಲದಲ್ಲಿ ಥರ್ಮಾಮೀಟರ್ ಒಂದಾದರೆ, ಬೀಜ ತುಂಬಿದ ಹಳೆಯ ಮಾತ್ರೆ ಡಬ್ಬಿಗಳು ಹತ್ತು. ಒಣ ಹಿತ್ತಲಿಗೆ ನುಗ್ಗೆ, ಉರಿಬಿಸಿಲಿನ ತಾರಸಿಗೆ ಹರಿವೆ, ಅಕ್ಕನ ನಲ್ಲಿಯ ಪಕ್ಕದ ಸದಾ ತೇವದ ಮೂಲೆಗೆ ಬಸಳೆ. ಮದುವೆಗೆ ಹೋದರೂ ಹೆಣ್ಣುಗಂಡಿನ ಮುಖಕ್ಕಿಂತ ಮೊದಲು ಅಂಗಳದ ಮಣ್ಣು ನೋಡುತ್ತಾರೆಂದು ಬೀದಿಯವರೆಲ್ಲ ನಗುವರು. "ಬಸಳೆ ಬೇಳೆ ಜತೆ ಬೇಯಿಸಿ ತಿನ್ನಿಸು, ಮುಂದಿನದ್ದು ತಕ್ಕಡಿ ಹೇಳುತ್ತೆ," ಎಂದಿದ್ದರು. ಮೂರನೆಯ ತಿಂಗಳು ತಕ್ಕಡಿ ಹೇಳಿಯೇಬಿಟ್ಟಿತು. "ಎಂಟು ಕೆಜಿ ದಾಟ್ತು ಕಣೇ!" ಎಂದು ಸಿಸ್ಟರ್ ಕೂಗಿದ ರಭಸಕ್ಕೆ ಆರೋಗ್ಯ ಕೇಂದ್ರದ ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಎದ್ದು ನಿಂತರು. ಅಕ್ಕ ಕಣ್ಣೊರೆಸಿಕೊಂಡು ಛೇಡಿಸಿದಳು: "ಮನೆಮನೆ ಹತ್ತಿಳಿಯೋ ಬದಲು ಇಲ್ಲೇ ಎಲ್ಲರಿಗೂ ಒಂದೇ ಬೀಜ ಹಂಚಿದ್ರೆ ನಿಮ್ಮ ಮಂಡಿನೋವಾದ್ರೂ ತಪ್ತಿತ್ತಲ್ಲ ಸಿಸ್ಟರ್?" ಅವರ ನಗು ಅಲ್ಲೇ ನಿಂತಿತು. "ಮೊದಲನೇ ವರ್ಷ ಹಾಗೇ ಹಂಚಿದ್ದೆ. ನದಿ ಕಡೆ ಬೀದಿಗೆಲ್ಲ ಪಾಲಕ್. ಆ ಸೆಕೆಗೆ ಎಲೆ ಬಲಿಯೋ ಮೊದಲೇ ಹೂ ಬಿಟ್ಟು ಹಾಳಾಯ್ತು. ತಪ್ಪು ನಂದು. ಆ ತಾಯಂದಿರು ತಮ್ಮ ಕೈಗುಣವೇ ಸರಿಯಿಲ್ಲ ಅಂದ್ಕೊಂಡು ಮತ್ತೆ ಬೀಜ ಮುಟ್ಟಲೇ ಇಲ್ಲ." ಈಗ ಸಿಸ್ಟರ್ ನಿವೃತ್ತರಾಗಿದ್ದಾರೆ, ನದಿ ಕಡೆಯ ಆ ಬೀದಿಯಲ್ಲಿ ಒಂದೊಂದೇ ಬಾಗಿಲು ತಟ್ಟಿ, ಆ ತಾಯಂದಿರ ಕೈಯಿಂದಲೇ ಸೆಕೆಗೆ ಜಗ್ಗದ ಬಸಳೆ ನೆಡಿಸುತ್ತಿದ್ದಾರೆ.