ರಾಜನ ಹೆಗಲ ಮೇಲಿನ ಕೈ

ಬೆಳಕು ಹರಿಯುವ ಮೊದಲೇ ಮ್ಯೂಸಿಯಂನ ಹಿಂಬಾಗಿಲು ತೆರೆದಿದೆ. ಒಳಗೆ ಏಣಿ ಹತ್ತಿದ ಹೆಂಗಸೊಬ್ಬರು ಆರು ನೂರು ವರ್ಷ ಹಿಂದಿನ ರಾಜನ ಕಿವಿ ಒರೆಸುತ್ತಿದ್ದಾರೆ, ಆಗಷ್ಟೇ ಸ್ನಾನ ಮಾಡಿಸಿದ ಮಗುವಿನ ಕಿವಿ ಒರೆಸುವ ಹಾಗೆ. ಎಲ್ಲರೂ ಕರೆಯುವುದು ಗಾರೆಯಕ್ಕ ಎಂದು. ಪ್ಲಾಸ್ಟರ್ ಬೊಂಬೆಗಳ ದುರಸ್ತಿ ಇವರ ಕೆಲಸ.

ಬೊಂಬೆಗಳನ್ನು ಮಾಡಿದವರು ಇವರ ತಂದೆ. ಆಗ ರಾಜನ ಪಕ್ಕದಲ್ಲಿ ನೆರೆರಾಜ್ಯದ ಅರಸನೂ ಇದ್ದ, ಗೆಳೆಯನ ಹೆಗಲ ಮೇಲೆ ಕೈ ಹಾಕಿಕೊಂಡು. ಇಬ್ಬರೂ ಸೇರಿ ಕೋಟೆ ಉಳಿಸಿಕೊಂಡರು ಎಂಬುದು ಆಗಿನ ಪಾಠ. ತಂದೆ ತಮ್ಮ ಕೈಯನ್ನೇ ಅಚ್ಚೊತ್ತಿ ಆ ಕೈ ಮಾಡಿದ್ದರು. ಈಗ ತಂದೆಯಿಲ್ಲ, ನೆರೆದೇಶದ ಜೊತೆ ಮಾತುಕತೆಯೂ ಇಲ್ಲ. ಹೊಸ ಸರ್ಕಾರದ ಹೊಸ ಪಾಠದಲ್ಲಿ ರಾಜ ಒಬ್ಬನೇ ಗೆದ್ದು ಇಡೀ ದೇಶ ಕಟ್ಟಿದ. ಹಾಗಾಗಿ ಆ ಅರಸನನ್ನು ಮಣಿಕಟ್ಟಿನಲ್ಲಿ ಕೊಯ್ದು ಉಗ್ರಾಣಕ್ಕೆ ಸಾಗಿಸಿದರು. ಕೈ ಮಾತ್ರ ರಾಜನ ಹೆಗಲ ಮೇಲೇ ಉಳಿಯಿತು. ಮಂತ್ರಿಗಳು ಬರುವ ಮೊದಲು ಅದನ್ನೂ ಕೆತ್ತಿ ತೆಗೆಯುವಂತೆ ಅಕ್ಕನಿಗೆ ಆದೇಶ ಬಂತು.

"ಉಳಿ ಹಿಡ್ಕೊಂಡು ಹತ್ತಿದೆ. ನಂಗೆ ಜಡೆ ಹಾಕ್ತಿದ್ದ ಕೈ ಅದು. ಹೇಗೆ ಹೊಡೀಲಿ?"

ಇಳಿದುಬಂದು ಮೇಲಧಿಕಾರಿಯನ್ನೇ ಕೇಳಿದರು: ಕೈ ಹೋಗಲೇಬೇಕೋ, ಕಾಣದಿದ್ದರೆ ಸಾಕೋ? ಅವರು ಬಾಗಿಲ ಕಡೆ ಒಮ್ಮೆ ನೋಡಿ, ಕಾಣದಿದ್ದರೆ ಸಾಕಮ್ಮ ಎಂದರಂತೆ. ಆಮೇಲೆ ನೋಡಬೇಕಿತ್ತು ಗಡಿಬಿಡಿ! ಗೋಣಿಬಟ್ಟೆಯನ್ನು ಪ್ಲಾಸ್ಟರಿನಲ್ಲಿ ಅದ್ದಿ, ಅದು ಗಟ್ಟಿಯಾಗುವಷ್ಟರಲ್ಲಿ ಮಡಿಕೆ ಮಡಿಕೆಯಾಗಿ ಹೊದಿಸಿ, ರಾಜನಿಗೊಂದು ಶಾಲು ಬಂತು. ಬಣ್ಣ ಆರುವ ಮೊದಲೇ ಮಂತ್ರಿಗಳ ಕಾರೂ ಬಂತು.

ಒಳಗಿನ ಕೈಯಿಂದಾಗಿ ರಾಜನ ಎಡಹೆಗಲು ತುಸು ಎತ್ತರ. ಅಕ್ಕ ಕಂಬದ ಮರೆಯಲ್ಲಿ ಬೆವರುತ್ತಿದ್ದರೆ ಮಂತ್ರಿಗಳು ತಲೆದೂಗಿ, ಏನು ಗತ್ತು ಎಂದು ಹೊಗಳಿದರು. ಈಗ ಆ ಹೆಗಲು ಪೋಸ್ಟರುಗಳಲ್ಲಿದೆ, ಪಠ್ಯಪುಸ್ತಕದ ಮುಖಪುಟದಲ್ಲಿದೆ. ಯಾರಿಗೂ ಬಗ್ಗದ ವೀರನ ಭುಜ ಹಾಗೇ ಇತ್ತೆಂದು ಗೈಡ್ ವಿವರಿಸುತ್ತಾನೆ. ಶಾಲೆಯ ಮಕ್ಕಳು ಒಂದು ಹೆಗಲೇರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ.

"ನನ್ನ ಮೊಮ್ಮಗಳೂ ಹಾಗೇ ನಡೀತಾಳೆ. ಸರಿಯಾಗಿ ನಡಿಯೇ ಅಂದ್ರೆ, ಅಜ್ಜಿ, ನಿಂಗೆ ಇತಿಹಾಸ ಗೊತ್ತಿಲ್ಲ ಅಂತಾಳೆ." ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಇದನ್ನೆಲ್ಲ ಬರೆಯಬಹುದೇ ಎಂದು ಕೇಳುತ್ತೇನೆ.

"ಬರೀರಿ. ಆ ಭುಜ ಮುಟ್ಟೋಕೆ ಈಗ ಯಾರಿಗೂ ಧೈರ್ಯ ಇಲ್ಲ. ಮುಂದೆ ಯಾವತ್ತಾದ್ರೂ ಶಾಲು ತೆಗೆಸಿದ್ರೆ ಮಾತ್ರ ನನ್ನನ್ನೇ ಕರೀಲಿ. ಅಪ್ಪನ ಕಿರುಬೆರಳು ಸೊಟ್ಟ. ಬೇರೆಯವರಾದ್ರೆ ತಪ್ಪು ಅಂದ್ಕೊಂಡು ನೆಟ್ಟಗೆ ಮಾಡಿಬಿಡ್ತಾರೆ."