ಎಂಜಿನ್ನಿಗೆ ಉಡಿ ತುಂಬಿದ್ದು

ನಿವೃತ್ತಿಯಾದ ಮೇಲೆ ಕಾಕಾ ಬಾಗಲಕೋಟೆಯ ಹೊಲಮನೆಗಳನ್ನು ಮುಳುಗಿಸಿದ ಅಣೆಕಟ್ಟಿನ ಹಿನ್ನೀರಿಗೆ ಒಂದು ದೋಣಿ ಇಳಿಸಿ, ಅದರ ಬೆನ್ನಿಗೆ ಹೊಚ್ಚ ಹೊಸ ಔಟ್‌ಬೋರ್ಡ್ ಎಂಜಿನ್ ಕಟ್ಟಿದ. ಕಾರಣ ಅವನ ಹೆಂಡತಿ, ನಮ್ಮ ಕಾಕು. ಆಕೆಯ ತವರು ಆಚೆ ದಂಡೆಯಲ್ಲಿ. ರಸ್ತೆ ಹಿಡಿದರೆ ಊರೆಲ್ಲ ಸುತ್ತಬೇಕು. ಆದರೆ ಕಾಕುಗೆ ನೀರೆಂದರೆ ಜೀವ ಬಾಯಿಗೆ ಬರುತ್ತದೆ. ಒಂದೇ ಸಲ ಹತ್ತುತ್ತೇನೆ, ನಡುನೀರಿನಲ್ಲಿ ಎಂಜಿನ್ ನಿಂತರೆ ಈ ಜನ್ಮದಲ್ಲಿ ಮತ್ತೆ ಕರೆಯಬಾರದು ಎಂದು ಕರಾರು ಹಾಕಿದ್ದಳು.

ಕಾಕಾ ಮುಚ್ಚಳ ತೆಗೆದು ಓಣಿಗೆಲ್ಲ ಎಂಜಿನ್ ತೋರಿಸುತ್ತಿದ್ದಾಗ ಕಾಕು ತಟ್ಟೆ ಹಿಡಿದು ಬಂದಳು. “ಮನಿಗೆ ಬಂದಾಕಿನ್ನ ಬರಿ ಉಡೀಲೆ ಕಳಿಸಬಾರ್ದು,” ಎಂದು ಅಕ್ಕಿ, ಉತ್ತತ್ತಿ, ಅಡಿಕೆ ಹಾಕಿ ಉಡಿ ತುಂಬಿಯೇ ಬಿಟ್ಟಳು. ಅರಿಶಿನ ಕುಂಕುಮವನ್ನಂತೂ ಕೈಬಿಚ್ಚಿ ಎರಚಿದಳು. ಕಾಕಾ ಅಕ್ಕಿ ಉತ್ತತ್ತಿ ಆರಿಸಿ ತೆಗೆದ. ಕುಂಕುಮ ಶುಭವೆಂದು ಹಾಗೇ ಬಿಟ್ಟ.

ಮರುದಿನ ಕಾಕಾ, ನಾನು ಇಬ್ಬರೂ ಪರೀಕ್ಷೆಗೆ ಹೊರಟೆವು. ಜೋರು ಬಿಟ್ಟರೆ ಕುದುರೆ, ನಿಧಾನ ಮಾಡಿದರೆ ಢುಸ್. ಕಾಕಾ ಮೊದಲು ಪೆಟ್ರೋಲನ್ನು ಬೈದ, ಆಮೇಲೆ ಬ್ಯಾಟರಿಯನ್ನು, ಬೇರೆ ಯಾರೂ ಸಿಗದೆ ಕೊನೆಗೆ ನನ್ನನ್ನು. ವಿದ್ಯಾಗಿರಿಯ ಕಾಲೇಜಿನಲ್ಲಿ ಫಿಜಿಕ್ಸ್ ಹೇಳುವವನು ನಾನು. ಕೈಪಿಡಿ ಓದಿ ಪಾಠ ಶುರು ಮಾಡಿದೆ.

ನಿಧಾನ ಮಾಡಿದಾಗ ಗಾಳಿ ಬರುವ ದೊಡ್ಡ ಬಾಗಿಲು ಮುಚ್ಚಿಕೊಳ್ಳುತ್ತದೆ. ಎಂಜಿನ್ ಬದುಕಿರಬೇಕಲ್ಲ? ಮುಸುಕು ಹೊದ್ದು ಮಲಗಿದವರು ಮೂಗಿಗೊಂದು ಸಂದಿ ಬಿಟ್ಟುಕೊಳ್ಳುವ ಹಾಗೆ ಪಕ್ಕದಲ್ಲೊಂದು ಕಿರುದಾರಿ ಇರುತ್ತದೆ. ಅದರ ಬಾಯಿಗೆ ಬಿರಡೆಯಂಥ ವಾಲ್ವ್, ಅದನ್ನು ಆಡಿಸಲು ಪುಟ್ಟ ಮೋಟಾರು. ಎಂಜಿನ್ನಿನ ಬಿಸಿ, ವೇಗ ಎರಡನ್ನೂ ಒಳಗಿನ ಕಂಪ್ಯೂಟರ್ ನೋಡುತ್ತಲೇ ಇರುತ್ತದೆ. ಎಂಜಿನ್ ತಣ್ಣಗಿದ್ದರೆ, ಇಲ್ಲವೇ ಗೇರ್ ಹಾಕಿ ಭಾರ ಬಿದ್ದರೆ, ಬಿರಡೆ ಹಿಂದೆ ಸರಿಸಿ ಗಾಳಿ ಹೆಚ್ಚು ಬಿಡುತ್ತದೆ. ವೇಗ ಏರಿದರೆ ಬಿರಡೆಯನ್ನು ಮುಂದೆ ತಳ್ಳುತ್ತದೆ. ಇಷ್ಟು ಹೇಳುವಷ್ಟರಲ್ಲಿ ಕಾಕಾ ಆಕಳಿಸಿದ.

ಬಿಚ್ಚಿ ನೋಡಿದರೆ ಬಿರಡೆ ಎಣ್ಣೆ ಕುಂಕುಮ ಮೆತ್ತಿಕೊಂಡು ಮುತ್ತೈದೆಯಾಗಿ ಕೂತಿತ್ತು, ಅಲುಗಾಡುತ್ತಿರಲಿಲ್ಲ. “ಆಕಿಗಿ ಹೇಳಬ್ಯಾಡ,” ಎಂದ ಕಾಕಾ. “ಅಪಶಕುನ ಅಂತ ತಿಳ್ಕೊಂಡ್ರ ಹತ್ತಂಗೇ ಇಲ್ಲ.” ಕ್ಲೀನರ್ ಹೊಡೆದು ಒರೆಸಿ ಕೂರಿಸಿದೆ. ಇವತ್ತಿನವರೆಗೂ ಹೇಳಿಲ್ಲ.

ಕಾಕು ಇಳಕಲ್ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು, ಕಣ್ಣು ಮುಚ್ಚಿ, ಬಸವಣ್ಣನನ್ನು ನೆನೆಯುತ್ತ ಕೂತಳು. ನನ್ನ ರಿಪೇರಿಯ ಮೇಲೆ ಕಾಕಾನಿಗೆ ಕವಡೆಯಷ್ಟೂ ನಂಬಿಕೆಯಿರಲಿಲ್ಲ. ಆಚೆ ದಂಡೆಯವರೆಗೂ ವೇಗ ಇಳಿಸುವುದಿಲ್ಲವೆಂದು ನನ್ನ ಕಿವಿಯಲ್ಲಿ ಹೇಳಿದ್ದ. ನಡುನೀರಿಗೆ ಬಂದಾಗ ಕಾಕು ಕಣ್ಣು ಬಿಟ್ಟು, ದೂರದ ಗುಡ್ಡ ನೋಡಿ ಗುರುತು ಹಿಡಿದಳು.

“ಸಾವಕಾಶ ಹೊಡೀರಿ. ಇಲ್ಲೇ ಕೆಳಗ ನಮ್ಮಪ್ಪನ ಹೊಲ ಐತಿ.”

ಕಾಕಾ ನನ್ನ ಮುಖ ನೋಡಿದ. ಬೇರೆ ದಾರಿಯಿಲ್ಲದೆ ವೇಗ ಇಳಿಸಿದ. ಎಂಜಿನ್ ಒಮ್ಮೆ ಕೆಮ್ಮಿತು. ಆಮೇಲೆ ಗುಳುಗುಳು ಎನ್ನುತ್ತ ಓಡುತ್ತಲೇ ಇತ್ತು, ಸಾಯಲಿಲ್ಲ. ಕಾಕು ಬಗ್ಗಿ, ಅಷ್ಟು ಹೆದರುತ್ತಿದ್ದ ನೀರಿನಲ್ಲಿ ಕೈ ಆಡಿಸಿದಳು. ಬಾವಿ ಎಲ್ಲಿತ್ತು, ಶೇಂಗಾ ಎಲ್ಲಿ ಬಿತ್ತುತ್ತಿದ್ದರು ಎಂದು ತೋರಿಸಿದಳು. ನನಗೆ ಅಳು ಬಂತು.

ಸ್ವಲ್ಪ ಹೊತ್ತಿನ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಕಾಕಾನಿಗೆ ಹೇಳಿದಳು:

“ನಡೀರಿನ್ನ. ಬರುವಾಗೂ ಇಲ್ಲಿ ಒಂದೀಟು ನಿಧಾನ ಮಾಡ್ರಿ.”