ಪ್ರೆಸ್ಸಿಗೆ ಒಡೆದ ಬೂದುಗುಂಬಳ

ನಾವು ಆಗ ರಾಜಾಜಿನಗರದಲ್ಲಿ, ಕಾರ್ಮಿಕರ ಮನೆಗಳ ಸಾಲಿನಲ್ಲಿದ್ದೆವು. ಅಪ್ಪ ಸರ್ಕಾರಿ ವರ್ಕ್‌ಶಾಪಿನಲ್ಲಿ ಫೋರ್ಮನ್. ಅಲ್ಲಿ ತಗಡು ಕತ್ತರಿಸುವ ಒಂದು ಪ್ರೆಸ್ಸಿತ್ತು. ಆಯುಧಪೂಜೆ ಬಂದರೆ ಅದರ ಮುಂದೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುತ್ತಿದ್ದರು. ಮಿಷನ್ನು ಆ ಕೆಂಪು ನೋಡಿ ತೃಪ್ತಿಪಟ್ಟುಕೊಂಡು, ವರ್ಷವೆಲ್ಲ ಮನುಷ್ಯರ ರಕ್ತ ಕೇಳದೆ ಇರಲಿ ಅಂತ. ಖರ್ಚು ಸರ್ಕಾರದ್ದು.

ಅಪ್ಪನಿಗೆ ಅದು ಸರಿಬರಲಿಲ್ಲ. ಮನೆಯಲ್ಲಿ ಅಮ್ಮನ ದೀಪಕ್ಕೆ ಅವರು ಎಂದೂ ಅಡ್ಡ ಬಂದವರಲ್ಲ. ಆದರೆ ಹೊಸ ಸಂವಿಧಾನದ ಮಾತೆತ್ತಿದರೆ ಸಾಕು, ಮೈಮೇಲೆ ದೇವರು ಬಂದವರ ಹಾಗೆ ಆಡುತ್ತಿದ್ದರು. "ಸರ್ಕಾರಕ್ಕೆ ಯಾವ ದೇವರೂ ಇಲ್ಲ. ಪೂಜೆ ಮನೇಲಿ ಮಾಡ್ಕೊಳ್ಳಿ" ಎಂದು ಆ ವರ್ಷ ವರ್ಕ್‌ಶಾಪಿನ ಸಾಹೇಬರಿಗೆ ಹೇಳಿ ಪೂಜೆ ನಿಲ್ಲಿಸಿಯೇಬಿಟ್ಟರು. ಕಾಯಿಯ ಬದಲು ಪ್ರೆಸ್ಸಿನ ಬಾಯಿಗೆ ಕಬ್ಬಿಣದ ತಡೆ ಹಾಕಿಸಿ, ಕೈ ಒಳಗೆ ಹೋಗದ ಹಾಗಿರಲಿ ಎಂದೂ ಕೇಳಿದರು. ಪೂಜೆ ನಿಂತಿತು, ತಡೆ ಬರಲಿಲ್ಲ.

ಸಂಕ್ರಾಂತಿ ಕಳೆಯುತ್ತಲೇ ಪಕ್ಕದ ಮನೆಯವನ ಬಲಗೈ ಬೆರಳುಗಳು ಆ ಪ್ರೆಸ್ಸಿಗೆ ಸಿಕ್ಕಿ ಹೋದವು. ಅವನ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು ಅಪ್ಪನ ಮುಖಕ್ಕೇ ಕೇಳಿದಳು: "ಒಂದು ಕಾಯಿ ಒಡೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತಣ್ಣಾ? ನಿಮ್ಮ ಕಾನೂನು ಅವರ ಬೆರಳು ತಂದ್ಕೊಡುತ್ತಾ?"

ಮಾರನೆಯ ದಿನದಿಂದ ಬೀದಿ ನಲ್ಲಿಯ ಹತ್ತಿರ ಅಮ್ಮನನ್ನು ಯಾರೂ ಮಾತನಾಡಿಸಲಿಲ್ಲ. ವರ್ಕ್‌ಶಾಪಿನಲ್ಲಿ ಅಪ್ಪ ಹೇಳಿದರೆ ಆ ಪ್ರೆಸ್ಸನ್ನು ಮುಟ್ಟುವವರೇ ಇಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು, ಅಪ್ಪನ ಮೇಲೂ.

ಮುಂದಿನ ಆಯುಧಪೂಜೆಗೆ ಅಪ್ಪನೇ ಒಂದು ಬೂದುಗುಂಬಳ ಕೊಂಡು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದರು. ಅಮ್ಮ ಬಾಗಿಲಲ್ಲಿ ನಿಂತು ಅತ್ತಳು. ದೇವರನ್ನು ನಂಬುವವಳು ಅವಳು, ಆದರೂ ಅಪ್ಪ ಹಾಗೆ ತಲೆ ತಗ್ಗಿಸಿದ್ದನ್ನು ನೋಡಲಾರದೆ ಹೋದಳು. ಸಾಹೇಬರೇ ಮುಂದೆ ನಿಂತು ಕಾಯಿ ಒಡೆಸಿ, ಎಲ್ಲರಿಗೂ ಪುರಿ ಹಂಚಿಸಿದರಂತೆ. ಅಪ್ಪ ಮತ್ತೆ ತಡೆಯ ಮಾತೆತ್ತಿದಾಗ ನಕ್ಕುಬಿಟ್ಟರಂತೆ: "ಪೂಜೆ ಆಯ್ತಲ್ರೀ, ಇನ್ಯಾಕೆ ಭಯ?"

ಕಾರ್ತಿಕ ಮುಗಿಯುವ ಮೊದಲೇ ಅದೇ ಪ್ರೆಸ್ಸು ಇನ್ನೊಬ್ಬನ ಮುಂಗೈಯನ್ನೇ ಕತ್ತರಿಸಿತು. ಈ ಸಲ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಸಾಹೇಬರ ಬಾಗಿಲಿಗೂ ಹೋಗಲಿಲ್ಲ. ಅವನ ಹಣೆಬರಹ ಅಂದುಕೊಂಡು ಸುಮ್ಮನಾದರು.

ಊಟಕ್ಕೆ ಕೂತ ಅಪ್ಪ ತುತ್ತು ಎತ್ತಲಾರದೆ ಅಮ್ಮನಿಗೆ ಹೇಳಿದರು: "ಈ ಸಲಾನೂ ಜನ ನನ್ನನ್ನಾದ್ರೂ ಬೈಬಾರದಿತ್ತೇನೇ? ಯಾರನ್ನಾದ್ರೂ ಬೈದಿದ್ರೆ ಆ ತಡೆನಾದ್ರೂ ಬರ್ತಿತ್ತು ಕಣೇ."